ನಾಳೆಯ ಪದ: ಸಲನ್

ಪತ್ರಿಕೆಯ ಎರಡನೆಯ ಪುಟದ ಎಡಮೂಲೆಯಲ್ಲಿ ಬರುವ ‘ಇಂದಿನ ಪದ’ ಎಂಬ, ದಿನಕ್ಕೊಂದು ಇಂಗ್ಲಿಷ್ ಪದ ಕಲಿಸುವ ಅಂಕಣದ ಎತ್ತರವನ್ನು ನಾಲ್ಕು ಬೆರಳಿನಷ್ಟು ತಗ್ಗಿಸಬೇಕೆಂಬ ನಿರ್ಣಯವನ್ನು ಆ ಶುಕ್ರವಾರ ಬೆಳಿಗ್ಗೆ ಸಂಬಂಧಪಟ್ಟ ಎಲ್ಲರ ಸಮಕ್ಷಮದಲ್ಲಿ, ತಕ್ಕ ಗಾಂಭೀರ್ಯದಿಂದ ಕೈಗೊಳ್ಳಲಾಯಿತು. ಸಂಬಂಧಪಟ್ಟ ಎಲ್ಲರೂ ಎಂದರೆ ಮೂವರು: ಆ ಪುಟದ ಉಸ್ತುವಾರಿಯ ಉಪಸಂಪಾದಕಿ, ಪುಟ ಕಟ್ಟುವ ಕಲಾವಿದ, ಮತ್ತು ಅಂಕಣ ಬರೆಯುವ ಅವನು. ದೇಶದೇಶಗಳ ಗಡಿಯನ್ನು ಹೊಸದಾಗಿ ಎಳೆಯುವವರು ಕೂಡ ಇಷ್ಟು ಹೊತ್ತು ಸ್ಕೇಲು ಹಿಡಿದು ಬಗ್ಗಿರಲಾರರು. ಕಲಾವಿದನಿಗೆ ಕಚೇರಿಯಲ್ಲಿ ಕತ್ತರಿ ಎಂದೇ ಹೆಸರು. ಯಾರ ಬರಹ ಕೈಗೆ ಕೊಟ್ಟರೂ ಅದು ಎಷ್ಟು ಉದ್ದ ಹೆಚ್ಚಾಗಿದೆ ಎಂಬುದೊಂದನ್ನೇ ಅವನು ಓದುತ್ತಿದ್ದ.

“ಈಗ ಯಾರಿಗೂ ಟೈಮಿಲ್ಲ ಸರ್,” ಎಂದಳು ಉಪಸಂಪಾದಕಿ. “ಸ್ಪೆಲಿಂಗ್, ಅರ್ಥ, ಮೂಲ. ಮೂರೇ ಸಾಲು. ಬಸ್ಸಲ್ಲಿ ನಿಂತ್ಕೊಂಡೇ ಓದಿ ಮುಗಿಸ್ಬೋದು. ಕೊನೇಲಿ ಬರುತ್ತಲ್ಲ ಅಪ್ಪ-ಮಗಳ ಮಾತುಕತೆ, ಗುಬ್ಬಿದು, ಅದು ಸೋಮವಾರದಿಂದ ಬೇಡ ಅಂತ ಮೇಲಿನವರು ಹೇಳಿದಾರೆ.”

“ಮೇಲಿನವರು ಅಂದ್ರೆ?”

“ಮೇಲಿನ ಮಹಡಿಯವರು ಸರ್.”

“ನಿಮ್ಮ ಗುಬ್ಬಿಗೂ ಸ್ವಲ್ಪ ರಜ ಸಿಗ್ಲಿ ಬಿಡಿ ಸಾರ್,” ಎಂದ ಕತ್ತರಿ, ಸ್ಕೇಲಿನಿಂದ ಬೆನ್ನು ಕೆರೆದುಕೊಳ್ಳುತ್ತ. “ಎಷ್ಟು ವರ್ಷ ಅಂತ ಪ್ರಶ್ನೆ ಕೇಳ್ತಾಳೆ ಪಾಪ. ನನ್ನ ಮಗ ಇದಾನೆ, ಹುಟ್ಟಿದಾಗಿಂದ ಒಂದೇ ಪ್ರಶ್ನೆ. ತಿನ್ನೋಕೆ ಏನಿದೆ?”

ಅವನು ನಕ್ಕ. ನಗಬೇಕಾದ ಜಾಗದಲ್ಲಿ ನಗುವುದು ಅವನಿಗೆ ಬಹಳ ದಿನದ ರೂಢಿ. ಗುಬ್ಬಿಯ ಮಾತು ಬಂದಾಗಲೆಲ್ಲ ಮುಖದ ಯಾವುದೋ ಒಂದು ನರ ತಾನಾಗಿ ಎದ್ದು ತುಟಿಯ ತುದಿಗಳನ್ನು ಸರಿಯಾದ ಸ್ಥಳದಲ್ಲಿ ಇಟ್ಟು ಹೋಗುತ್ತಿತ್ತು. ಉಪಸಂಪಾದಕಿಗೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ; ಒಳ್ಳೆಯ ಹುಡುಗಿ, ಹಿರಿಯರ ಬಳಿ ಕೆಟ್ಟ ಸುದ್ದಿ ಹೇಳಿದ ಮೇಲೆ ಕುಶಲ ವಿಚಾರಿಸಬೇಕೆಂದು ಯಾರೋ ಕಲಿಸಿದ್ದರು. “ಗುಬ್ಬಿ ಈಗ ಕಾಲೇಜಲ್ಲಿರ್ಬೇಕಲ್ವಾ ಸರ್? ನಾನು ಸ್ಕೂಲಲ್ಲಿದ್ದಾಗ್ಲಿಂದ ಓದ್ತಿದೀನಿ. ನನಗಿಂತ ಒಂಚೂರು ಚಿಕ್ಕವಳಿರ್ಬೇಕು ಅಷ್ಟೇ.” ಅವನು ಹೂಂ ಎಂದ. “ಏನ್ ಓದ್ತಿದಾಳೆ?” ಎಂದು ಕೇಳಿದಳು. “ಗಿಡಗಳ ಬಗ್ಗೆ,” ಎಂದ. ಗಿಡಗಳು ಎಲ್ಲಿಂದ ಬಂದವೋ ಅವನಿಗೇ ತಿಳಿಯಲಿಲ್ಲ. ಬಾಯಿಂದ ಬಿದ್ದ ಮರುಕ್ಷಣ, ಕನ್ನಡಕ ಹಾಕಿಕೊಂಡ ದಪ್ಪನೆಯ ಹುಡುಗಿಯೊಬ್ಬಳು ಎಲ್ಲೋ ಒಂದು ಉದ್ದನೆಯ ಮೇಜಿನ ಮುಂದೆ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿರುವುದು ಕಂಡಿತು, ಮತ್ತು ಅವಳು ತಲೆಯೆತ್ತಿ ತನ್ನನ್ನು ನೋಡಿಬಿಟ್ಟರೆ ಎಂದು ಹೆದರಿ ಅವನು ಕಿಟಕಿಯ ಕಡೆ ತಿರುಗಿಕೊಂಡ. “ಬಾಟನಿ! ಚೆನ್ನಾಗಿದೆ ಸರ್. ನಾಳೆಗೆ ಒಂದು ಒಳ್ಳೇ ಗುಬ್ಬಿ ಕೊಡಿ, ಕೊನೇದು, ನಗೋ ಹಾಗೆ. ನಾಲ್ಕು ಗಂಟೆಯೊಳಗೆ ತಂದ್ಬಿಡಿ. ಪದ ಹೇಗೂ ‘ನಾಳೆಯ ಪದ’ ಅಂತ ಇವತ್ತಿನ ಪೇಪರಲ್ಲೇ ಹಾಕಿದೀವಲ್ಲ, ಸಲನ್.”

“ಅದು ನಾನು ಕೊಟ್ಟ ಪದ ಅಲ್ಲ.”

“ಓದುಗರೊಬ್ಬರು ಕೇಳಿದ್ರು ಸರ್. ನಿಮ್ಮನ್ನ ಕೇಳದೆ ಹಾಕ್ಬಿಟ್ಟೆ. ನಿಮಗೆ ಯಾವ ಪದ ಆದ್ರೇನು, ನೀರು ಕುಡಿದ ಹಾಗೆ.”

ಗುಬ್ಬಿ ಗಿಡಗಳ ಬಗ್ಗೆ ಓದುತ್ತಿರಲಿಲ್ಲ. ಗುಬ್ಬಿ ಮೂರನೆಯ ಕ್ಲಾಸನ್ನೇ ಮುಗಿಸಿರಲಿಲ್ಲ. ಈಗಿನ ಕಚೇರಿಯಲ್ಲಿ ಅದನ್ನು ಬಲ್ಲವರು ಯಾರೂ ಉಳಿದಿರಲಿಲ್ಲ. ಬಲ್ಲವರು ನಿವೃತ್ತರಾಗಿದ್ದರು, ಇಲ್ಲವೆ ಬೇರೆ ಪತ್ರಿಕೆಗೆ ಹೋಗಿದ್ದರು, ಮತ್ತು ಹೋಗುವಾಗ ಇಂಥ ಸಂಗತಿಗಳನ್ನು ಯಾರೂ ಮುಂದಿನವರಿಗೆ ವಹಿಸಿಕೊಟ್ಟು ಹೋಗುವುದಿಲ್ಲ. ಮೆಟ್ಟಿಲಿಳಿಯುತ್ತ ಅವನಿಗೆ ದಾಸ್ತಾನಿನ ನೆನಪಾಯಿತು. ದಿನದ ಅಂಕಣ ಬರೆಯುವವರಲ್ಲಿ ಒಂದು ಪದ್ಧತಿಯಿತ್ತು: ಎರಡು ವಾರಕ್ಕಾಗುವಷ್ಟನ್ನು ಮುಂಚೆಯೇ ಬರೆದು ಕೊಟ್ಟಿರಬೇಕು. ಕಚೇರಿಯವರು ಅದಕ್ಕೆ ದಾಸ್ತಾನು ಎನ್ನುತ್ತಿದ್ದರು. ಅಂಕಣಕಾರನಿಗೆ ಜ್ವರ ಬಂದರೂ ಅಂಕಣಕ್ಕೆ ಜ್ವರ ಬರಬಾರದು ಎಂಬುದು ಹಳೆಯ ಸಂಪಾದಕರ ಮಾತು. ಆ ಸಲ ಜ್ವರ ಬಂದದ್ದು ಅಂಕಣಕಾರನಿಗಲ್ಲ. ಆಸ್ಪತ್ರೆಯಿಂದ ಅವನು, ಹೆಂಡತಿ ಇಬ್ಬರೇ ಮನೆಗೆ ಬಂದ ಮರುದಿನ ಬೆಳಿಗ್ಗೆ ಪತ್ರಿಕೆ ಬಾಗಿಲ ಸಂದಿನಿಂದ ಎಂದಿನ ಹಾಗೆ ಒಳಗೆ ಬಿತ್ತು. ಎರಡನೆಯ ಪುಟದಲ್ಲಿ ಗುಬ್ಬಿ ಕೇಳುತ್ತಿದ್ದಳು: ಅಪ್ಪಾ, ಪ್ರಾಂಪ್ಟ್ ಅಂದ್ರೆ ಹೇಳಿದ ಹೊತ್ತಿಗೆ ಬರೋದು ಅನ್ನೋದಾದ್ರೆ, ನಮ್ಮ ನಲ್ಲಿ ನೀರಿಗೆ ಏನಂತಾರೆ? ಮಾತಾಡಿಸಿ ಹೋಗಲು ಬಂದ ದೊಡ್ಡಪ್ಪ ಅದನ್ನು ಮೊದಲು ನೋಡಿದವರು. ಹೆಂಡತಿಯ ಕಣ್ಣಿಗೆ ಬೀಳದಿರಲೆಂದು ಪತ್ರಿಕೆಯ ಮೇಲೆಯೇ ಕೂತುಬಿಟ್ಟರು. ನೀರು ಬೇಕೇ ಎಂದರೂ ಏಳಲಿಲ್ಲ, ಫೋನು ಬಂದಿದೆ ಎಂದರೂ ಏಳಲಿಲ್ಲ. ಪಾಪ, ಮಂಡಿನೋವಿನ ಮನುಷ್ಯ, ಮಧ್ಯಾಹ್ನದವರೆಗೆ ಹಾಗೇ ಕೂತಿದ್ದರು. ಅವರು ಹೋದ ಮೇಲೆ ಹೆಂಡತಿ ಕುರ್ಚಿಯಿಂದ ಬೆಚ್ಚಗಿನ ಪತ್ರಿಕೆ ತೆಗೆದು ಬಿಡಿಸಿ ಓದಿದಳು. ಮರುದಿನವೂ ಓದಿದಳು. ಎರಡು ವಾರ ಗುಬ್ಬಿ ದಿನಕ್ಕೊಂದು ಹೊಸ ಮಾತಾಡಿದಳು. ದಾಸ್ತಾನು ಮುಗಿದ ದಿನ, ಒಲೆಯ ಕಟ್ಟೆ ಒರೆಸುತ್ತ, ಅಷ್ಟು ದಿನ ಹೂಂ ಊಹೂಂ ಬಿಟ್ಟು ಬೇರೇನೂ ಹೇಳದ ಹೆಂಡತಿ ಕೇಳಿದಳು: “ನಾಳೆ ಏನ್ ಪದ?” ನಿಲ್ಲಿಸುತ್ತೇನೆಂದು ಹೇಳಲು ಅವನು ಬಾಯಿ ತೆರೆದವನು, “ವಾಸ್ಟ್,” ಎಂದ. “ಅಂದ್ರೆ?” “ತುಂಬ ವಿಶಾಲ. ಅಗಾಧ.” ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. “ಅಷ್ಟು ದೊಡ್ಡದು ಎಲ್ಲಿ ಮಲಗುತ್ತೆ, ಅಂತ ಕೇಳ್ತಾಳೆ,” ಎಂದಳು.

ಅಲ್ಲಿಂದ ಮೊದಲಾದದ್ದು ಇದು. ಬೆಳಿಗ್ಗೆ ಕಾಫಿಯ ಹೊತ್ತಿಗೆ ಅವನು ಪದ ಹೇಳುವುದು. ಹೆಂಡತಿ ಕಿವಿಗೊಟ್ಟು ಕೇಳಿಸಿಕೊಂಡವಳಂತೆ, ಮಗು ಏನು ಕೇಳುತ್ತಾಳೆಂದು ಹೇಳುವುದು. ಮನೆಯಲ್ಲಿ ಮಾತು ಎಂದು ಉಳಿದಿದ್ದರೆ ಅದೊಂದೇ. ಉಪ್ಪು, ಬಾಡಿಗೆ, ನೆಗಡಿ, ಕರೆಂಟು ಇವೆಲ್ಲ ಇದ್ದವು, ಆದರೆ ಅವನ್ನು ಮಾತು ಎನ್ನಲಾಗದು. ಅವು ಒಂದು ಕೈಯಿಂದ ಇನ್ನೊಂದು ಕೈಗೆ ಪಾತ್ರೆ ದಾಟಿಸಿದಂತೆ. ಆ ಒಂದು ಪ್ರಶ್ನೆಗೆ ಮಾತ್ರ ಅವಳು ಅವನ ಮುಖ ನೋಡುತ್ತಿದ್ದಳು. ಅವನು ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬಸ್ಸಿನಲ್ಲಿ ಕೂತು ಅವನು ಆ ಪ್ರಶ್ನೆಯನ್ನು ಸ್ವಲ್ಪ ಚುರುಕು ಮಾಡುತ್ತಿದ್ದ. ಹೆಂಡತಿಯ ಮಗು ನಿಧಾನದವಳು, ಎಲ್ಲವನ್ನೂ ಮುಟ್ಟಬಹುದಾ, ಕಚ್ಚುತ್ತಾ, ಎಲ್ಲಿ ಮಲಗುತ್ತೆ ಎಂದು ಕೇಳುವವಳು. ಅಚ್ಚಾಗುವ ಹೊತ್ತಿಗೆ ಅವಳು ಪಟಪಟನೆ ಮಾತಾಡುವ ಗುಬ್ಬಿಯಾಗಿರುತ್ತಿದ್ದಳು. ನಿಜವಾಗಿ ಅವಳನ್ನು ಮನೆಯಲ್ಲಿ ಯಾರೂ ಗುಬ್ಬಿ ಎಂದು ಕರೆದೇ ಇರಲಿಲ್ಲ. ಕೂಸು ಎನ್ನುತ್ತಿದ್ದರು. ಮೈ ತುಂಬಿಕೊಂಡ, ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲ ಮೇಲೂ ಎರಡೂ ಕಾಲಿಟ್ಟು ನಿಲ್ಲುವ ಕೂಸು. “ಇದು ಯಾರ ಮನೆ ಮಗು?” ಎಂದು ಹೆಂಡತಿ ಮೊದಮೊದಲು ಪತ್ರಿಕೆಯನ್ನು ಅವನ ತಟ್ಟೆಯ ಪಕ್ಕಕ್ಕೆ ತಳ್ಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಓದುಗರಿಗೆ ಮಾತ್ರ ಗುಬ್ಬಿ ಎಂದರೆ ಪ್ರಾಣ. ಮೂಲ, ಧಾತು, ಯಾವ ಭಾಷೆಯಿಂದ ಯಾವ ಭಾಷೆಗೆ ಎಂದು ಅವನು ಬೆವರು ಸುರಿಸಿ ಬರೆದದ್ದನ್ನು ಹಾರಿಸಿ ಜನ ನೇರವಾಗಿ ಕೊನೆಯ ಸಾಲಿಗೆ ಹೋಗುತ್ತಾರೆಂದು ಅವನಿಗೆ ಗೊತ್ತಿತ್ತು, ಅದಕ್ಕಾಗಿ ಅವನು ತನ್ನ ಸತ್ತ ಮಗಳ ಮೇಲೆ ಸಣ್ಣಗೆ ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು.

ಈ ಬೆಳಿಗ್ಗೆ ಅವನು ಪದ ಹೇಳಿರಲಿಲ್ಲ. ಹೆಂಡತಿ ಕಾಯ್ದಳು, ಲೋಟ ಎತ್ತಿಕೊಂಡು ಹೋದಳು, ಲೋಟ ತೊಳೆಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೀರು ಹರಿಯಿತು. ಬಸ್ಸಿನ ಕಂಬಿ ಹಿಡಿದು ನಿಂತು ಅವನು ಈಗ, ಅಂಕಣದಲ್ಲಿ ಗುಬ್ಬಿ ಇನ್ನಿಲ್ಲ ಎಂದು ಅವಳಿಗೆ ಹೇಳುವ ಬಗೆಯನ್ನು ಯೋಚಿಸುತ್ತಿದ್ದ. ಹೇಳಿದರೆ ಸೋಮವಾರದಿಂದ ಕಾಫಿಯ ಹೊತ್ತಿಗೆ ಅವಳು ಯಾಕಾದರೂ ತನ್ನ ಮುಖ ನೋಡಿಯಾಳು? ಮುಂದಿನ ಸೀಟಿನಲ್ಲಿ ಇಬ್ಬರು ಕೂರುವ ಜಾಗದಲ್ಲಿ ಒಬ್ಬ ಹೆಂಗಸು ತನ್ನ ಪಕ್ಕದಲ್ಲಿ ಬ್ಯಾಗು ಇಟ್ಟುಕೊಂಡು ಕೂತಿದ್ದಳು. ಯಾರೂ ಬ್ಯಾಗು ತೆಗೆಯಿರಿ ಎನ್ನಲಿಲ್ಲ. ಕೂಸಿನ ಮೂರನೆಯ ಕ್ಲಾಸಿನಲ್ಲೂ ಹಾಗೇ ಇತ್ತು. ಪಾಲಕರು ಬಂದು ಟೀಚರನ್ನು ಕಾಣುವ ಮಧ್ಯಾಹ್ನ ಅದು. ಅವನನ್ನು ಮಕ್ಕಳ ಕುರ್ಚಿಯಲ್ಲಿ ಕೂರಿಸಿದ್ದರು, ಮೊಣಕಾಲು ಕಿವಿಗೆ ಬಂದಿದ್ದವು, ಆ ಭಂಗಿಯಲ್ಲಿ ಯಾರಿಗಾದರೂ ತಮ್ಮ ಪಾಂಡಿತ್ಯವನ್ನು ತುರ್ತಾಗಿ ನೆನಪಿಸಬೇಕೆನಿಸುತ್ತದೆ. ಬೆಂಚುಗಳೆಲ್ಲ ಜೋಡಿ ಬೆಂಚುಗಳು. ಕೂಸಿನ ಪಕ್ಕದ ಜಾಗದಲ್ಲಿ ಕೂಸಿನ ಬ್ಯಾಗು, ಬೆನ್ನು ನೆಟ್ಟಗೆ ಮಾಡಿ ಕೂತಿತ್ತು. ಟೀಚರು ಅವಳನ್ನು ಹೊರಗೆ ಕಳಿಸುವ ಮೊದಲು ಅವನು ನೋಡಿದ್ದ. “ಹುಡುಗಿ ಜಾಣೆನೇ ಸಾರ್. ಆದ್ರೆ ಸ್ವಲ್ಪ ಸಲನ್,” ಎಂದರು ಟೀಚರು. ಮಾತು ಮುಗಿಯುವ ಮೊದಲೇ ಅವನ ಮುಖ ಅರಳಿತು. “ಆ ಪದ ಎಲ್ಲಿಂದ ಬಂತು ಗೊತ್ತಾ ನಿಮಗೆ?” ಎಂದು ಮುಂದೆ ಬಾಗಿದ. ಲ್ಯಾಟಿನ್ನಿನ ಸೋಲಸ್. ಅಂದರೆ ಒಂಟಿ. ಅದು ಫ್ರೆಂಚಿನಲ್ಲಿ ಇಳಿದು, ಹಳೆಯ ಇಂಗ್ಲಿಷಿನವರ ಬಾಯಿಗೆ ಬಿದ್ದಾಗ ಅದರ ಅರ್ಥ ಬರೀ ಒಬ್ಬನೇ ಇರುವವನು ಎಂದಿತ್ತು, ಮುಖ ಗಂಟಿಕ್ಕಿಕೊಂಡಿರುವುದು ಆಮೇಲೆ ಬಂತು. ನೋಡಿ, ಮೊದಲು ಒಂಟಿತನ, ಆಮೇಲೆ ಮೋರೆ. ಟೀಚರು ಕೆನ್ನೆಗೆ ಕೈಯಿಟ್ಟುಕೊಂಡರು. “ಅಯ್ಯೋ, ಗೊತ್ತೇ ಇರ್ಲಿಲ್ಲ! ನಿಮ್ಮ ಅಂಕಣ ನಮ್ಮ ಸ್ಟಾಫ್ ರೂಮಲ್ಲಿ ಎಲ್ರೂ ಓದ್ತೀವಿ ಸಾರ್.” ಇಬ್ಬರೂ ನಕ್ಕರು. ಬಹಳ ಒಳ್ಳೆಯ ಭೇಟಿ ಎಂದುಕೊಂಡು ಅವನು ಆ ಸಣ್ಣ ಕುರ್ಚಿಯಿಂದ ಕಷ್ಟಪಟ್ಟು ಎದ್ದ. ಹೊರಗೆ ಮೊಗಸಾಲೆಯಲ್ಲಿ ಕೂಸು ಅಮ್ಮನ ಪಕ್ಕ ನಿಂತು ಷೂವಿನ ಬಕಲನ್ನು ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಮಾಡುತ್ತಿದ್ದಳು.

ಅವನು ಮನೆ ಮುಟ್ಟಿದಾಗ ಹೆಂಡತಿ ಕಿಟಕಿಯ ಬೆಳಕಿಗೆ ಕೂತು ದರ್ಜಿ ಅಂಗಡಿಯ ಷರಟುಗಳಿಗೆ ಕಾಜಾ ಹೊಲಿಯುತ್ತಿದ್ದಳು. ಎಡಗಡೆ ಹೊಲಿಯದ ಷರಟುಗಳು, ಬಲಗಡೆ ಹೊಲಿದವು. ಅವನು ಚಪ್ಪಲಿ ಬಿಡುವ ಸದ್ದಿಗೆ ತಲೆಯೆತ್ತದೆ, “ಊಟ ಮುಚ್ಚಿಟ್ಟಿದೆ,” ಎಂದಳು. ಅವನು ಕೈ ತೊಳೆದು ಬಂದು ತಟ್ಟೆಯ ಮುಂದೆ ಕೂತ, ಊಟ ಮಾಡಲಿಲ್ಲ.

“ಬೆಳಿಗ್ಗೆ ಪದ ಹೇಳ್ಲಿಲ್ಲ ನೀವು.”

“ಮರೆತೆ.”

“ಮರೆಯೋರಲ್ಲ ನೀವು. ಪೇಪರ್ ನೋಡಿದೆ. ‘ನಾಳೆಯ ಪದ’ ಅಂತ ಕೆಳಗೆ ಹಾಕಿದಾರೆ.”

“ಅದು ನಾನು ಕೊಟ್ಟಿದ್ದಲ್ಲ. ಯಾರೋ ಓದುಗರಂತೆ, ಕೇಳಿದ್ರಂತೆ…”

“ಯಾರು ಕೊಟ್ರೇನು. ಇಷ್ಟು ವರ್ಷ ಆದ್ರೂ ಬರ್ಲಿಲ್ವಲ್ಲ ಅಂತ ನಾನೇ ಅಂದ್ಕೊಳ್ತಿದ್ದೆ.”

ಸೂಜಿ ಬಟ್ಟೆಯೊಳಗೆ ಹೋಗಿ ಬಂತು. ಇಂಗ್ಲಿಷ್ ಪತ್ರಿಕೆಯ ತಲೆಬರಹವನ್ನೂ ಓದದ ಹೆಂಡತಿಗೆ ಆ ಒಂದು ಪದ ಇಷ್ಟು ಚೆನ್ನಾಗಿ ಗೊತ್ತಿರುವುದು ಅವನಿಗೆ ಅವಮಾನದಂತೆ ಕಂಡಿತು. “ಬೇರೆ ಪದ ಹಾಕಿ ಅಂತೀನಿ,” ಎಂದ. “ತಪ್ಪಾಗಿ ಅಚ್ಚಾಯ್ತು ಅಂದ್ರೆ ಮುಗೀತು.”

“ಯಾಕೆ ಬೇರೆ? ಇದಕ್ಕೆ ನಾನು ಯೋಚ್ನೆ ಕೂಡ ಮಾಡ್ಬೇಕಾಗಿಲ್ಲ. ಅವಳೇ ಕೇಳಿದಾಳಲ್ಲ.” ಹೆಂಡತಿ ದಾರ ಕಚ್ಚಿ ಕತ್ತರಿಸಿದಳು. “ಟೀಚರ್ ನನ್ನನ್ನ ಏನಂದ್ರು ಅಪ್ಪಾ, ಅಂತ. ಸ್ಕೂಲಿಂದ ಬರೋ ದಾರೀಲಿ. ನೀವು ಸ್ಪೆಲಿಂಗ್ ಹೇಳಿಕೊಟ್ರಿ.”

ಹೇಳಿಕೊಟ್ಟಿದ್ದ. ಒಳ್ಳೆಯ ಪದ ಮಗೂ, ಬಹಳ ಹಳೆಯದು, ಎಂದಿದ್ದ. ಹೆಜ್ಜೆಗೊಂದು ಅಕ್ಷರ, ಎಸ್, ಯು, ಎರಡು ಎಲ್, ಎರಡು ಎಲ್ಲಿಗೆ ಎರಡೂ ಕಾಲು ಕೂಡಿಸಿ ಒಂದು ಕುಪ್ಪಳ, ಇ, ಎನ್. ಸಣ್ಣ ಸಣ್ಣ ಪದಗಳನ್ನೂ ತಪ್ಪು ಬರೆಯುವ ಕೂಸು ಅದನ್ನು ಪೋಸ್ಟಾಫೀಸು ದಾಟುವ ಮೊದಲೇ ಕಲಿತುಬಿಟ್ಟಳು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಅವಳನ್ನು ಎತ್ತಿ ಗೋಡೆಯ ಮೇಲೆ ನಿಲ್ಲಿಸಿ ಇನ್ನೊಮ್ಮೆ ಹೇಳಿಸಿದ. ಆ ಭಾನುವಾರ ಮನೆಗೆ ಬಂದ ಅತ್ತೆ, ಏನಮ್ಮಾ, ನೀನು ಎಂಥಾ ಹುಡುಗಿ, ಜಾಣೆನಾ, ತುಂಟಿನಾ ಎಂದು ಗಲ್ಲ ಹಿಡಿದು ಕೇಳಿದಾಗ ಕೂಸು ಕೈ ಹಿಂದೆ ಕಟ್ಟಿಕೊಂಡು, “ನಾನು ಸಲನ್. ಎಸ್, ಯು, ಎಲ್, ಎಲ್, ಇ, ಎನ್,” ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನ ನಗು ಎಲ್ಲರಿಗಿಂತ ದೊಡ್ಡದಾಗಿತ್ತು. ಹೆಂಡತಿ ನಕ್ಕಿದ್ದಳೇ? ನೆನಪಾಗಲಿಲ್ಲ. ನಗುವಾಗ ಅವನು ಅವಳ ಕಡೆ ನೋಡಿರಲಿಲ್ಲ.

“ಒಂದೇ ಸಲಕ್ಕೆ ಕಲಿತಳು,” ಎಂದ, ಯಾವ ಪ್ರಶ್ನೆಗೂ ಅಲ್ಲದ ಉತ್ತರವಾಗಿ.

“ಕಲಿತಳು. ಕೇಳಿದ್ದು ಅದಲ್ಲ.” ಈಗ ಅವಳು ಅವನ ಮುಖ ನೋಡಿದಳು. “ಆ ಪ್ರಶ್ನೆ ಹಾಗೇ ಹಾಕಿ. ಅವಳ ಮಾತಲ್ಲೇ. ಚುರುಕು ಗಿರುಕು ಮಾಡೋಕೆ ಹೋಗ್ಬೇಡಿ. ಉತ್ತರ ನೀವು ಬರೀರಿ.”

ಹೇಳಬೇಕಾದದ್ದನ್ನು ಅವನು ಆಗ ಹೇಳಿದ. ಧೈರ್ಯದಿಂದಲ್ಲ, ವಿಷಯ ಬದಲಾದೀತೆಂಬ ಆಸೆಯಿಂದ. “ನಾಳೇದೇ ಕೊನೆ. ಭಾನುವಾರ ಹೇಗೂ ಅಂಕಣ ಇಲ್ಲ, ಸೋಮವಾರದಿಂದ ಗುಬ್ಬಿ ಬೇಡವಂತೆ. ಬರೀ ಸ್ಪೆಲಿಂಗ್, ಅರ್ಥ, ಮೂಲ.”

ಸೂಜಿ ನಿಂತಿತು. ಅವಳು ಅಳುತ್ತಾಳೆಂದು ಅವನು ತಟ್ಟೆ ಪಕ್ಕಕ್ಕಿಟ್ಟ. ಅವಳು ಅಳಲಿಲ್ಲ. ಮಡಿಲಿನ ಷರಟಿನ ಕಾಲರನ್ನು ಎರಡು ಸಲ ಸರಿಮಾಡಿದಳು, ಯಾರೋ ಅದನ್ನು ಹಾಕಿಕೊಂಡು ನಿಂತಿದ್ದಾರೇನೋ ಎಂಬಂತೆ. “ಹಾಗಾದ್ರೆ ಸರಿಯಾಗಿ ಬರೀರಿ,” ಎಂದಳು.

“ಆಮೇಲೆ?”

“ಆಮೇಲೆ ಏನು?”

“ಆಮೇಲೆ ಬೆಳಿಗ್ಗೆ ಹೊತ್ತು ನಾವು…”

“ಮೊದ್ಲು ಅವಳಿಗೆ ಉತ್ತರ ಹೇಳಿ. ಆಮೇಲೆ ನಾವಿಬ್ರೂ ಮಾತಾಡೋಣ. ಎಷ್ಟಿದೆ ಮಾತಾಡೋಕೆ! ಪದ ಇಲ್ದೇನೂ ಮಾತಾಡಕ್ಕೆ ಬರುತ್ತೆ ನನಗೆ.” ಆಮೇಲೆ, ಷರಟನ್ನು ಬಲಗಡೆಗೆ ಹಾಕುತ್ತ, “ಉತ್ತರ ಹೇಳ್ದೆ ಇದ್ರೆ ಮಾತ್ರ ಬರಲ್ಲ ಕಣ್ರೀ. ಇನ್ನು ನನ್ನ ಕೈಲಾಗಲ್ಲ,” ಎಂದಳು. ಬೆದರಿಕೆಯ ದನಿಯೇ ಇರಲಿಲ್ಲ. ದಾರ ಮುಗಿದಿದೆ ಎಂದು ಹೇಳುವ ಹಾಗೆ ಹೇಳಿದಳು.

ಬಸ್ ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ಕೂತು ಅವನು ಮೊದಲ ಮೂರು ಭಾಗಗಳನ್ನು ಒಂದೇ ಉಸಿರಿಗೆ ಬರೆದ. ಸ್ಪೆಲಿಂಗ್. ಅರ್ಥ: ಮಾತಾಡದೆ ಮುಖ ಊದಿಸಿಕೊಂಡಿರುವ, ಒಳಗೇ ಮುನಿದ. ಮೂಲ: ಲ್ಯಾಟಿನ್ನಿನ ಸೋಲಸ್, ಒಂಟಿ. ಮೊದಲಿನ ಅರ್ಥ ಜೊತೆಗೆ ಯಾರೂ ಇಲ್ಲದ ಎಂದು. ಮುನಿಸು ನಂತರ ಸೇರಿದ್ದು. ಇಲ್ಲಿ ಅವನಿಗೆ ತನ್ನ ಮೇಲೆ ನಂಬಿಕೆಯಿತ್ತು; ಶಬ್ದಕ್ಕೆ ಏನಾಯಿತೆಂದು ಹೇಳಲು ಅವನು ಎಂದೂ ತಡವರಿಸಿದವನಲ್ಲ. ಆಮೇಲೆ ಬರೆದ: ಗುಬ್ಬಿ: ಟೀಚರ್ ನನ್ನನ್ನ ಏನಂದ್ರು ಅಪ್ಪಾ? ಗುಬ್ಬಿ ಎಂಬುದನ್ನು ಹೊಡೆದು ಕೂಸು ಎಂದು ಬರೆದ. ಅದರ ಕೆಳಗೆ ಅಪ್ಪ ಎಂದು ಬರೆದು ಎರಡು ಚುಕ್ಕೆ ಇಟ್ಟ. ಒಂದು ಬಸ್ಸು ಬಂದು ಹೋಯಿತು. ಅದರಿಂದ ಇಳಿದವನೊಬ್ಬ ಬೆಂಚಿನ ಆ ತುದಿಯಲ್ಲಿ ಕೂತು, ಇವನ ಮೋರೆ ನೋಡಿ, “ಬಸ್ ತಪ್ಪಿಸ್ಕೊಂಡ್ರಾ?” ಎಂದ. “ಹೂಂ,” ಎಂದ ಇವನು. “ಇನ್ನೊಂದು ಬರುತ್ತೆ ಬಿಡಿ,” ಎಂದು ಆ ಮನುಷ್ಯ ಎದ್ದು ಹೋದ. ಎಷ್ಟೋ ಉತ್ತರಗಳು ಬಂದವು. ಒಂದೊಂದೂ ಬರುವಾಗಲೇ ಜಾಣತನ ತೊಟ್ಟುಕೊಂಡು ಬರುತ್ತಿತ್ತು. ನೀನು ಸಲನ್ ಅಲ್ಲ ಎಂ‌ದು ಬರೆದರೆ ಸುಳ್ಳು. ಹೌದು ಎಂದರೆ ಅದಕ್ಕಿಂತ ದೊಡ್ಡ ಸುಳ್ಳು. ಆ ಬ್ಯಾಗು ಬೆಂಚಿನ ಮೇಲೆ ಕೂತಿದ್ದ ರೀತಿ ನೆನಪಿಗೆ ಬಂತು, ಅದರ ಪಟ್ಟಿಯನ್ನು ಅವಳು ಪಕ್ಕದವರ ಕೈ ಹಿಡಿದ ಹಾಗೆ ಹಿಡಿದುಕೊಂಡಿದ್ದು ಈಗ ಹೊಸದಾಗಿ ಕಂಡಿತು. ಕಂಡದ್ದೋ, ತಾನೇ ಕಟ್ಟಿಕೊಂಡದ್ದೋ, ಹೇಳಲಾರ. ಕೊನೆಗೆ ಅವನ ಕೈ ಅವನ ಒಪ್ಪಿಗೆಗೆ ಕಾಯದೆ ಬರೆಯಿತು. ಅಪ್ಪ: ನಿನ್ನ ಪಕ್ಕ ಯಾರೂ ಕೂರಲ್ಲ ಅಂದ್ರು ಕೂಸೇ. ಯಾಕೆ ಅಂತ ನಾನು ಕೇಳ್ಲಿಲ್ಲ. ಅವರನ್ನೂ ಕೇಳ್ಲಿಲ್ಲ, ನಿನ್ನನ್ನೂ ಕೇಳ್ಲಿಲ್ಲ. ನಡಿ, ಇನ್ನೂ ಸ್ಕೂಲ್ ಬಾಗಿಲು ಹಾಕಿರಲ್ಲ, ವಾಪಸ್ ಹೋಗಿ ಕೇಳ್ಕೊಂಡು ಬರೋಣ. ಓದಿ ನೋಡಿದ. ಅದರಲ್ಲಿ ತೆಗೆಯಬೇಕಾದ ಒಂದು ಶಬ್ದವೂ ಸಿಗಲಿಲ್ಲ. ಮುಂದಿನ ಬಸ್ಸಿನಲ್ಲಿ ಅವನು ಮಡಿಸಿದ ಕಾಗದವನ್ನು ಜೇಬಿಗಿಡದೆ ಕೈಯಲ್ಲೇ ಹಿಡಿದು ನಿಂತಿದ್ದ, ಮತ್ತು ಬಹಳ ವರ್ಷಗಳ ಮೇಲೆ ಅವನಿಗೆ ನಾಳೆ ಬೆಳಗಾಗಲಿ ಎನಿಸಿತು.

ಉಪಸಂಪಾದಕಿ ಒಮ್ಮೆ ಓದಿದಳು, ಮತ್ತೆ ಓದಿದಳು. ಓದುತ್ತ ಓದುತ್ತ ಕೂದಲ ಕ್ಲಿಪ್ಪನ್ನು ತೆಗೆದು ಹಾಕಿಕೊಂಡಳು. “ಇದು ನಿಜವಾಗ್ಲೂ ನಡೆದಿದ್ದಾ ಸರ್?”

“ಹೂಂ.”

“ಎಷ್ಟು ಚೆನ್ನಾಗಿದೆ. ಓದಿ ಒಂಥರಾ ಆಯ್ತು.” ಕಾಗದವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಮುಚ್ಚಿದಳು, ಬೇರೆ ಯಾರೂ ನೋಡದಿರಲಿ ಎಂಬಂತೆ. “ಅದಕ್ಕೇ ಬೇಡ ಸರ್. ತಪ್ಪು ತಿಳ್ಕೋಬೇಡಿ. ನಗಿಸಲ್ಲ ಅಂತ ಅಲ್ಲ. ಗುಬ್ಬಿ ಯಾರು ಅಂತ ಅವಳ ಕಾಲೇಜಲ್ಲಿ ಎಲ್ರಿಗೂ ಗೊತ್ತಿರುತ್ತೆ. ಯಾರೂ ಪಕ್ಕ ಕೂರ್ತಿರ್ಲಿಲ್ಲ ಅಂತ ನಮ್ಮಪ್ಪ ನನ್ನ ಬಗ್ಗೆ ಪೇಪರಲ್ಲಿ ಹಾಕ್ಸಿದ್ರೆ ನಾನಂತೂ ಮಾತು ಬಿಡ್ತಿದ್ದೆ. ಬೇಕಾದ್ರೆ ಅವಳನ್ನ ಒಂದ್ಮಾತು ಕೇಳಿ. ಅವಳು ಪರ್ವಾಗಿಲ್ಲ ಅಂದ್ರೆ ನಾನು ಕಣ್ಮುಚ್ಕೊಂಡು ಹಾಕ್ತೀನಿ.” ಮೇಜಿನ ಮೇಲಿನ ಫೋನನ್ನು ಅವನ ಕಡೆಗೆ ತಿರುಗಿಸಿ ತಳ್ಳಿದಳು.

ಅವನು ಫೋನನ್ನು ನೋಡಿದ. ಹೇಳಬೇಕಾದ ವಾಕ್ಯ ಬಹಳ ಚಿಕ್ಕದು. ಅದನ್ನು ಅವನು ಯಾರ ಬಳಿಯೂ ಹೇಳಿದವನಲ್ಲ. ಆಸ್ಪತ್ರೆಯಲ್ಲಿ ಡಾಕ್ಟರೇ ಹೇಳಿದ್ದರು, ಬಂಧುಗಳಿಗೆ ದೊಡ್ಡಪ್ಪ ಹೇಳಿದ್ದರು, ಹಳೆಯ ಸಂಪಾದಕರಿಗೆ ಯಾರೋ ಹೇಳಿದ್ದರು, ಹೆಂಡತಿಗೆ ಹೇಳಬೇಕಾಗಿರಲಿಲ್ಲ. ಈಗ ಹೇಳಿದರೆ ಬೆಳಿಗ್ಗೆ ಹೇಳಿದ ಗಿಡಗಳನ್ನು ಏನು ಮಾಡುವುದು? ಈ ಹುಡುಗಿಯ ಮುಖದಲ್ಲಿ ಮೊದಲು ದುಃಖ ಕಾಣುವುದಿಲ್ಲ, ಲೆಕ್ಕ ಹಾಕುವುದು ಕಾಣುತ್ತದೆ: ಹಾಗಾದರೆ ಇಷ್ಟು ವರ್ಷ ಮಾತಾಡಿದ್ದು ಯಾರು? ಕತ್ತರಿ ಸ್ಕೇಲು ಕೆಳಗಿಡುತ್ತಾನೆ. ಸಂಜೆಯ ಹೊತ್ತಿಗೆ ಮೇಲಿನ ಮಹಡಿಗೂ ತಲುಪಿರುತ್ತದೆ. ಬೆಳಕಿಗೆ ಎಲೆ ಹಿಡಿದ ಆ ದಪ್ಪನೆಯ ಹುಡುಗಿ ಎಲ್ಲೋ ತಲೆಯೆತ್ತಿ ಕಾಯುತ್ತಿದ್ದಳು.

“ಬೇಡ,” ಎಂದ. “ಅವಳಿಗೆ ಈಗ ಕ್ಲಾಸ್ ಇರುತ್ತೆ.”

“ಹಾಗಿದ್ರೆ ಬೇರೆ ಬರ್ಕೊಡಿ ಸರ್. ಎರಡೇ ಸಾಲು.”

“ಬೇಗ ಸಾರ್, ಪುಟ ಬಾಯ್ಬಿಟ್ಕೊಂಡು ಕೂತಿದೆ,” ಎಂದ ಕತ್ತರಿ ಆಚೆ ಮೇಜಿನಿಂದ. “ಹೋಗೋವಾಗ ಸ್ವಲ್ಪ ನಗಿಸಿ ಹೋಗ್ಲಿ ಹುಡುಗಿ.”

ಅವನು ನಿಂತೇ ಬರೆದ. ಯೋಚಿಸಬೇಕಾಗಿಯೇ ಬರಲಿಲ್ಲ, ಗುಬ್ಬಿ ಯಾವಾಗಲೂ ಹಾಗೆ, ಕರೆದ ತಕ್ಷಣ ಬರುವವಳು. ಗುಬ್ಬಿ: ಅಪ್ಪಾ, ಒಬ್ಬಳೇ ಇರೋವಾಗ ಮುಖ ಯಾಕೆ ಊದಿಸ್ಕೋಬೇಕು? ನೋಡೋಕೆ ಯಾರೂ ಇರಲ್ವಲ್ಲ! ಉಪಸಂಪಾದಕಿ ಓದಿ ಕಿಲಕಿಲ ನಕ್ಕಳು. ಕತ್ತರಿ ಎದ್ದು ಬಂದು ಅವಳ ಭುಜದ ಮೇಲಿಂದ ಓದಿದ, ಅವನ ವೃತ್ತಿಜೀವನದಲ್ಲೇ ಮೊದಲ ಸಲ ಇರಬೇಕು, ಅಳೆಯದೆ ಓದಿದ್ದು. “ಇದು ನೋಡಿ ಗುಬ್ಬಿ ಅಂದ್ರೆ!” ಎಂದು ಬೆನ್ನು ತಟ್ಟಿದ. ಮೊದಲಿನ ಕಾಗದ ಮೇಜಿನ ಮೇಲೆ ಚಹಾ ಕಪ್ಪಿನ ಕೆಳಗೆ ಹೋಗಿತ್ತು. ವಾಪಸು ಕೇಳಲು ಅವನಿಗೆ ನಾಚಿಕೆಯಾಯಿತು.

ಬಾಯಲ್ಲೇ ಹೇಳಿಬಿಡುವುದು ಎಂದುಕೊಂಡು ಅವನು ಮನೆಯ ಮೆಟ್ಟಿಲು ಹತ್ತಿದ. ಬರೆದದ್ದು ಅಕ್ಷರಶಃ ನೆನಪಿತ್ತು. ಹೆಂಡತಿ ಬಾಗಿಲಲ್ಲೇ, “ಬರೆದ್ರಾ?” ಎಂದಳು. “ಬರೆದೆ,” ಎಂದ, ಅದು ಸುಳ್ಳಲ್ಲ. “ಈಗ ಹೇಳ್ಬೇಡಿ. ಅಚ್ಚಲ್ಲೇ ಓದ್ತೀನಿ,” ಎಂದು ಅವಳು ಒಳಗೆ ಹೋಗಿ ಕಾಫಿಗಿಟ್ಟಳು. ಆ ಸಂಜೆ ಅವಳು ಮಾತಾಡಿದಳು. ದರ್ಜಿ ಅಂಗಡಿಗೆ ಒಬ್ಬ ಮನುಷ್ಯ ಬಂದಿದ್ದನಂತೆ, ಹೊಟ್ಟೆ ಇಷ್ಟು, ಅಳತೆ ತೆಗೆಯುವಾಗ ಉಸಿರು ಒಳಗೆ ಎಳೆದುಕೊಂಡೇ ನಿಂತಿದ್ದನಂತೆ, ಷರಟು ಹಾಕಿಕೊಂಡು ಕನ್ನಡಿ ಮುಂದೆ ಉಸಿರು ಬಿಟ್ಟನಂತೆ, ಗುಂಡಿ ಹಾರಿ ದರ್ಜಿಯ ಹಣೆಗೆ ಬಿತ್ತಂತೆ. “ಕಾಜಾ ಸರಿಯಿಲ್ಲ ಅಂತ ನನ್ನ ಮೇಲೆ ದೂರು ಬೇರೆ!” ಎಂದು ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಹಲ್ಲಿನ ಸಾಲಿನಲ್ಲಿ ಒಂದು ಬಿದ್ದುಹೋಗಿರುವುದು ಅವನಿಗೆ ಅಂದೇ ಗೊತ್ತಾಯಿತು. ಅವನು ಕೇಳುತ್ತ ಕೂತ. ಪ್ರತಿ ಮಾತು ಮುಗಿದಾಗಲೂ, ಈಗ ಹೇಳುತ್ತೇನೆ ಎಂದುಕೊಂಡ. ಅಷ್ಟರಲ್ಲಿ ಅವಳು ಇನ್ನೊಂದು ಮೊದಲು ಮಾಡುತ್ತಿದ್ದಳು, ಮತ್ತು ಅವನು ಅದಕ್ಕೆ ಅವಕಾಶ ಕೊಡುತ್ತಿದ್ದ.

ಬೆಳಿಗ್ಗೆ ಪತ್ರಿಕೆ ಬಂತು. ಹೆಂಡತಿ ಕನ್ನಡಕ ಹಾಕಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡನೆಯ ಪುಟ ಓದಿದಳು. ಓದಿ ಮಡಿಸಿ ಅವನ ಲೋಟದ ಪಕ್ಕ ಇಟ್ಟು, ಕಿಟಕಿಯ ಬಳಿ ಹೋಗಿ ಷರಟು ಎತ್ತಿಕೊಂಡಳು. ಆ ಅಂಕಣವನ್ನು ಮೆಚ್ಚಿ ಬಹಳ ಓದುಗರು ಬರೆದರೆಂದು ಉಪಸಂಪಾದಕಿ ಆಮೇಲೆ ತಿಳಿಸಿದಳು. ಸೋಮವಾರದಿಂದ ಅಂಕಣ ಮೂರು ಸಾಲಿನದಾಯಿತು. ಹೆಂಡತಿ ಅವನ ಜೊತೆ ಮತ್ತೆ ಮಾತಾಡಲಿಲ್ಲ.